ಮೂಲೆ ಹಿಡಿದದ್ದು

ಬೆಟಗೇರಿ ದಾಟಿ, ಹತ್ತಿಕಟಗಿ ಕಿತ್ತ ಎರಿಹೊಲ.
ಹನ್ನೊಂದು ಹುಡುಗಿಯರು, ಒಂದೇ ಬ್ಯಾಟು.
ಬೇಸ್‌ಬಾಲ್ ಅಂಕಣದ ಅಳತೆ ಗೊತ್ತಿದ್ದವರಿಲ್ಲ.

ಗೌಂಡಿ ಮಾಬುಸಾಬ ಬೀಡಿ ಆರಿಸಿ ಕೂತ:
“ಇತ್ತ ಮೂರು ಮೊಳ, ಅತ್ತ ನಾಕು,
ಓರೆಗೆ ಐದು ಕೂಡಿದರ
ಮೂಲಿ ಸುಳ್ಳು ಹೇಳೂದಿಲ್ಲ, ಯವ್ವಾ.”
ದಾರಕ್ಕೆ ಸುಲೋಚನಾ
ಅಪ್ಪನ ಮಗ್ಗದ ಹಾಸಿನ ಉಳಿಕೆ ತಂದಳು,
ಯಾರ ಸೀರೆಯೂ ಆಗದ ಕೆಂಪು.
ಗೆರೆಗೆ ಒಲೆಯ ಬೂದಿ.
ಗಾಳಿ ಎರಡು ಸಲ ಅಳಿಸಿತು.

ಮೂರನೇ ಬೇಸು ಬದುವಿನಾಚೆ ಬಿತ್ತು.
ಫಕ್ಕೀರಜ್ಜ ಕೋಲೂರಿ ನಿಂತು ನೋಡಿ
“ರೋಣಿ ಮಳಿ ಬೀಳೂತನಕ ನಿಮ್ದ” ಅಂದ,
ತಾನೇ ಒಂದು ಗೋಣಿಚೀಲ ಮಡಚಿ ಇಟ್ಟ.

ಮೊದಲ ಹೊಡೆತ.
ಚೆಂಡು ನೆಲದ ಬಿರುಕಿನೊಳಗೆ ಮಾಯ.
ಮೊಳಕೈತನಕ ಕೈಯಿಟ್ಟು ತಡಕಿದೆ,
ಒಳಗೆ ಇನ್ನೂ ತಂಪಿತ್ತು.
ಅಷ್ಟರಲ್ಲಿ ಸುಲೋಚನಾ ಬೂದಿ ಹಾರಿಸುತ್ತ
ಮೂರೂ ಮೂಲೆ ಸುತ್ತಿ
ಮನೆ ಮುಟ್ಟಿದ್ದಳು.