ನಾಕಕ್ಕ ಒಂದು

ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಿಂದ ಸೀದಾ
ನನ್ನ ಮೊಬೈಲ್ ಅಂಗಡಿಗೇ ಬಂದ್ಲು ಮಾಲನಬಿ.
ಬೆರಳಿಗೆ ಇನ್ನೂ ಅಂಟು.
"ನೀ ಹೋದ ವಾರ ಸಣ್ಣದು ಮಾಡಿಕೊಟ್ಟಿ ಅಲಾ ಅಣ್ಣಾ,
ಅದರಾಗ ಮಣಿ ಇಲ್ಲ."

ಯಾವ ಮಣಿ? ಕೊರಳಾಂದಾ?

"ಚೊಂಗ್ಯಾ ಒತ್ತೋ ಮಣಿ. ಕಟಗೀದು."

ಹೋದ ವಾರ ಆಕೀ ಮೊಬೈಲಿನಾಗ ಜಾಗ ತೀರಿತ್ತು.
ತೀರಿಹೋದ ಅಮ್ಮನ ದನಿ, ಹನ್ನೊಂದು ನಿಮಿಷ,
ಮೊಹರಮ್ಮಿನ ಚೊಂಗ್ಯಾಕ್ಕ ಏನೇನು, ಎಷ್ಟೆಷ್ಟು.
ನೂರಾ ಹತ್ತು ಎಂಬಿ ಇದ್ದದ್ದನ್ನ
ಒಂದೂಕಾಲಿಗೆ ಇಳಿಸಿ ಇಪ್ಪತ್ತು ರೂಪಾಯಿ ತಗೊಂಡಿದ್ದೆ.
ಇಳಕಲ್ ಸೀರಿ ಮಡಚಿದಂಗ ಬೇ, ಬಿಚ್ಚಿದ್ರ ಅದೇ ಸೀರಿ, ಅಂದಿದ್ದೆ.

ಸುಳ್ಳಲ್ಲ ಅದು. ಬ್ಯಾರೆ ಕೆಲಸದ ಮಾತು.
ಲೆಕ್ಕದ ಪಟ್ಟಿ, ಕಾಗದಪತ್ರ ಹಂಗ ಮಡಚತಾವು,
ಬಿಚ್ಚಿದ್ರ ಒಂದು ಕೊಂಬು ಒಂದು ದೀರ್ಘ ಹೋಗಿರೂದಿಲ್ಲ.
ದನಿ ಅಷ್ಟು ಸಣ್ಣದಾಗಬೇಕಂದ್ರ ಏನರ ಬಿಡಬೇಕು.
ಏನು ಬಿಡಬೇಕಂತ ಯಾರೋ ಎಲ್ಲೋ ಕುಂತು
ಸಾವಿರ ಕಿವಿ ಪರೀಕ್ಷಾ ಮಾಡಿ ಬರದಿಟ್ಟಾರ:
ಜೋರು ಮಾತಿನ ಮಗ್ಗಲದಾಗಿನ ಸಣ್ಣ ಸಪ್ಪಳ
ಮನಶಾನ ಕಿವಿಗೆ ಬೀಳೂದಿಲ್ಲ.
ತಗದು ಒಗಿ.

"ಬೀಳೂದಿಲ್ಲಾ?" ಅಂದ್ಲು.
"ನಾ ಹಚ್ಚತಿದ್ದದ್ದ ಅದನ್ನ ಕೇಳಾಕ.
ಗೋದಿಹಿಟ್ಟು, ಬೆಲ್ಲ, ಗಸಗಸಿ ಎಲ್ಲಾ ಬಾಯಿಲೆ ಹೇಳ್ಯಾಳ.
ಹಿಟ್ಟು ಎಷ್ಟು ಗಟ್ಟಿ ಅಂತ ಕೇಳಿದ್ರ, 'ಇಷ್ಟು',
ಅಂದು ಮಣಿ ಮ್ಯಾಲೆ ಒತ್ತಿದ್ಲು.
ಆ ಇಷ್ಟು ಇರೂದು ಆ ಸಪ್ಪಳದಾಗ."

ಏಳನೇ ನಿಮಿಷ. ಇಬ್ಬರೂ ಬಗ್ಗಿ ಕಿವಿ ಕೊಟ್ವಿ.
ಇಷ್ಟು, ಅಂತು ಮೊಬೈಲು.
ಆಮ್ಯಾಲೆ ಹೂಳಿದ ಬಾವಿಯಾಗಿಂದ ಬಂದಂಗ ಏನೋ ಗೊಳ್ ಅಂತು.
ತಿಳೀತಿಲ್ಲೋ? ಅಂತ ಕೇಳಿದ್ಲು ಅಮ್ಮ, ಸ್ವಚ್ಛ.

"ತಿರುಗಿ ದೊಡ್ಡದು ಮಾಡು."
ಮಾಡಬಹುದು, ಅಂದೆ. ನಂಬರ್ ದೊಡ್ಡದಾಗತೈತಿ.
ಮುಂದ ಹೇಳೂದು ಬ್ಯಾಡಾತು. ಆಕೀ ಆಗಲೇ ನಗಾಕ ಹತ್ತಿದ್ಲು,
ಶೆಡ್ಡಿನ ನಗಿ, ಹೊಸಾ ಕೂಲಿಯವರ ಮ್ಯಾಲೆ ನಕ್ಕಂಗ:
"ನಾಕು ಕಿಲೋ ಹಸೇದು ಒಣಗಿ ಒಂದಾಗತೈತಿ.
ರಾತ್ರಿಯೆಲ್ಲಾ ನೀರಾಗ ಹಾಕಿದ್ರ ಉಬ್ಬತೈತಿ ಖರೆ.
ಅದನ್ನ ಹಣ್ಣಂತ ಮಾರಾಕ ಹೋಗು, ಒದೀತಾರ."
ಒಂದು ಗಳಿಗಿ ಬಿಟ್ಟು, ನನ್ನ ಮಾರಿ ನೋಡಿ:
"ಒಣಗಿಸದಿದ್ರ ಕೊಳೀತಿತ್ತು, ಬಿಡು."

ಆಕೀದು ನಾಕಕ್ಕ ಒಂದು.
ನಂದು ನೂರಾ ಹತ್ತಕ್ಕ ಒಂದೂಕಾಲು.
ಹಳೇದನ್ನ ಅಳಿಸಲೇನು ಅಂತ ಕೇಳಿತ್ತು ಪರದೆ.
ಹೂಂ ಒತ್ತಿದ್ದೆ. ಚಾ ಬಂದಿತ್ತು.

ಮಾಲನಬಿ ಕೌಂಟರಿನ ಗಾಜಿನ ಮ್ಯಾಲೆ
ಅಂಗೈ ಬುಡದಿಂದ ಒಮ್ಮೆ ಒತ್ತಿದ್ಲು. "ಹಿಂಗಲ್ಲ."
ಇನ್ನೊಮ್ಮೆ. "ಇದೂ ಅಲ್ಲ, ಇದು ಭಾಳ ಮೆತ್ತಗಾತು."
ಮೂರನೇದಕ್ಕ ಸುಮ್ಮನಾದ್ಲು.
ಹೊರಗ ಟಂಟಂ ಒಂದು ಹಾರ್ನ್ ಹೊಡದು ಹೋಗೂತನ ತಡದು
ಮತ್ತೊಮ್ಮೆ ಒತ್ತಿ, ತಲಿ ವಾರಿ ಮಾಡಿ,
"ಹತ್ರ ಐತಿ," ಅಂದು ಹೊಂಟ್ಲು.
ರೊಕ್ಕದ ಮಾತು ಆಕೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಿಂದಿಂದ ಚಾರ್ಜರ್ ಕೇಳಾಕ ಬಂದ ಹುಡುಗ
ಗಾಜಿಗೆ ಮೊಣಕೈ ಊರಿ ತಟ್ಟನೆ ತಗದ:
ಏನ್ರಿ ಇದು, ಅಂಟು?