ಬಾವಿ ಪಕ್ಕದ್ದು

ನಮ್ಮ ನೆಲ್ಲಿಯಲ್ಲ ಇದು. ಗೂಸ್‌ಬೆರಿ.
ಸೊಂಟದೆತ್ತರದ ಪೊದೆ, ಗೆಣ್ಣುಗೆಣ್ಣಿಗೂ ಮುಳ್ಳು.
ಜುಲೈ ಕೊನೆಗೆ ಕೆಂಪೇರಿದ ಹಣ್ಣನ್ನು
ಬಿಸಿಲಿಗೆ ಹಿಡಿದರೆ ಒಳಗಿನ ಬೀಜ, ನರ
ಎಲ್ಲ ಕಾಣುತ್ತದೆ. ಆ ಮಟ್ಟಿಗೆ
ಇದೂ ಅಂಗೈ ನೆಲ್ಲಿಯೇ.

ಫಿನ್ಲೆಂಡಿನ ಸಾವೊ ಸೀಮೆ, ಸರೋವರದ ದಂಡೆ.
ಟೈಮಿಗೆ ಎಪ್ಪತ್ತೊಂದು. ಅವರ ನುಡಿಯಲ್ಲಿ
ಆ ಹೆಸರಿಗೆ ಸಸಿ ಎಂದರ್ಥ;
ಊರು ಆ ತಮಾಷೆಯನ್ನು ಎಂದೋ ಆಡಿ ಮುಗಿಸಿದೆ.

ಬೂದಿರೋಗ ಬಂದ ವರುಷ
ಬೇಲಿಯುದ್ದದ ಹನ್ನೊಂದು ಪೊದೆ
ಹಿಟ್ಟು ಬಳಿದುಕೊಂಡು ಸತ್ತವು.
ಅತ್ತೆ ನೆಟ್ಟದ್ದೊಂದು, ಬಾವಿ ಪಕ್ಕದ್ದು,
ಏನೂ ಆಗದ ಹಾಗೆ ಕಾಯಿ ಕಚ್ಚಿತು.

ಸುದ್ದಿ ಕೇಳಿ ನರ್ಸರಿ ಕಂಪನಿಯ ಎಲ್ಯಾಸ್ ಬಂದ.
ಗಾಜಿನ ಮೇಲೆ ಹನಿ ಹಿಂಡಿ ಸಕ್ಕರೆ ಅಳೆದ.
'ತಳಿಯ ಹೆಸರು?'
'ಬಾವಿ ಪಕ್ಕದ್ದು.'
'ಅದು ಜಾಗ. ಏನೆಂದು ಕರೀತೀರಿ?'
'ಕರೆಯೋ ಪ್ರಸಂಗ ಬಂದಿಲ್ಲಪ್ಪ,
ಎಲ್ಲಿಗೂ ಹೋಗಲ್ಲ ಅದು.'

ಕೊಂಬೆ ಹಿಡಿದು ಯಂತ್ರದಂತೆ ಅಲ್ಲಾಡಿಸಿದ.
ಬಿದ್ದದ್ದೆಲ್ಲ ಬಿರಿಯಿತು.
ತೊಗಲು ತೆಳು, ಅಂದ. ಲಾರಿ ಇಳಿಯುವಷ್ಟರಲ್ಲಿ ರಸ.
'ಇಲ್ಲಿಂದ ಅಡುಗೆಮನೆಗೆ ಒಂಬತ್ತು ಹೆಜ್ಜೆ,'
ಅಂದಳು ಟೈಮಿ, 'ಅಷ್ಟು ತಡೆಯುತ್ತೆ.'
ಕಾಫಿ ಕೊಟ್ಟಳು. ಏಲಕ್ಕಿ ಬನ್ನಿಗೆ
ಈ ಹಣ್ಣಿನದೇ ಜಾಮು.
ಎರಡು ತಿಂದ, ಮೂರನೆಯದಕ್ಕೆ ಕೈ ಚಾಚಿದ;
ಪುಸ್ತಕದಲ್ಲಿ ಮಾತ್ರ ಅದನ್ನು ಬರೆದುಕೊಳ್ಳಲಿಲ್ಲ.

ಅಕ್ಟೋಬರಿನಲ್ಲಿ, ಎಲೆಯೆಲ್ಲ ಉದುರಿದ ಮೇಲೆ,
ಒಂದು ಹಳೇ ವ್ಯಾನು.
ಕಂಪನಿಯದಲ್ಲ. ಬೂಟು ನೋಡುತ್ತ ನಿಂತ:
'ಒಂದು ಕಡ್ಡಿ ಸಿಕ್ಕರೆ... ನನ್ನ ಹಿತ್ತಿಲಿಗೆ.'

ಅವಳು ಮಾತಾಡದೆ ಗುದ್ದಲಿ ತಂದಳು.
ಅವನು ಹೋದ ಸಂಜೆಯೇ
ನೆಲಕ್ಕೆ ಬಗ್ಗಿಸಿ, ಮಣ್ಣು ಮುಚ್ಚಿ,
ಸೌನಾ ಒಲೆಯ ಒಡೆದ ಕಲ್ಲು ಹೇರಿಟ್ಟ ಕೊಂಬೆ
ಈಗ ಬಿಳಿ ಎಳೆಯ ಬೇರು ಬಿಟ್ಟಿತ್ತು.
ತಾಯಿ ಕಡೆಯಿಂದ ಕತ್ತರಿಸಿ
ಒದ್ದೆ ಪೇಪರಿನಲ್ಲಿ ಸುತ್ತಿದಳು.
'ಚಳಿಗಾಲಕ್ಕೆ ಮೊಲ ಬರುತ್ತೆ, ಜಾಲರಿ ಕಟ್ಟು.
ಎರಡು ವರ್ಷ ಹಣ್ಣು ಕೇಳಬೇಡ.'

ಅಭ್ಯಾಸಬಲ, ಅವನು ಚೀಟಿ ತೆಗೆದ.
'ಏನು ಬರೆಯಲಿ?'
'ಎಲ್ಲಿ ನೆಡ್ತೀಯ?'
'ಗ್ಯಾರೇಜಿನ ಹಿಂದೆ.'
ಹೆಬ್ಬೆರಳಿನ ಮುಳ್ಳನ್ನು ಹಲ್ಲಲ್ಲಿ ಕಿತ್ತು
ಪಕ್ಕಕ್ಕೆ ಉಗುಳಿ, 'ಮತ್ತೇನು,' ಅಂದಳು,
'ಅದನ್ನೇ ಬರಿ.'