ಒಂಬತ್ತು ಕಪ್ಪು

ಮನಾಮದ ಸೂಕಿನಲ್ಲಿ ಆ ರಂಜಾನಿಗೆ
ನನ್ನ ಮಿಷನ್ನಿನ ಕಾಲುಹಲಗೆ ನಿಂತದ್ದೇ ಇಲ್ಲ.
ಹಬ್ಬಕ್ಕೆ ಹದಿಮೂರು ದಿನ, ತೋಬು ಮೂವತ್ತೊಂದು ಬಾಕಿ,
ಕಾಜಾ ಹಾಕುವ ಹುಡುಗ ಜ್ವರ ಅಂತ ಮಲಗಿದ್ದಾನೆ.

ಎದುರಿನ ಕಾವಾ ಅಂಗಡಿಯ ರೇಡಿಯೋದಲ್ಲಿ
ದಿನಾ ಸಂಜೆ ಲಂಡನ್ ಉರಿಯುತ್ತಿತ್ತು.
ಉರಿದು, ಅಕ್ಕಿಯ ಧಾರಣೆ ಬಂದು,
ಮುಗಿಯುತ್ತಿತ್ತು.
ರಾಜಧಾನಿಗಳ ಯುದ್ಧ ಅದು, ಅಂದ ಜುಮಾ.
ನಮ್ಮದೂ ರಾಜಧಾನಿಯೇ ಅಲ್ಲವೇನೋ, ಅಂದೆ.
ನಕ್ಕ: ಮುತ್ತಿನ ಬೆಲೆ ಬಿದ್ದ ಮೇಲೆ
ನಮ್ಮನ್ನು ಕೊಳ್ಳುವವರೇ ಇಲ್ಲ, ಕೊಲ್ಲುವವರು ಯಾರು?
(ಅವನಂದದ್ದು ಅರಬ್ಬಿಯಲ್ಲಿ. ಪ್ರಾಸ ನನ್ನ ಹೊಲಿಗೆ.)

ಮುತ್ತಿಗೆ ಮುಳುಗುತ್ತಿದ್ದವನು, ಈಗ ಎಣ್ಣೆ ಕಾರ್ಖಾನೆಯಲ್ಲಿ
ಕೊಳವೆ ಒರೆಸುತ್ತಾನೆ.
ಉಸಿರು ಹಿಡಿಯುವ ವಿದ್ಯೆ ಅಲ್ಲಿ ನಾತಕ್ಕೆ ಉಪಯೋಗ.

ಹದಿನೇಳನೆಯ ರಾತ್ರಿ. ಚಂದ್ರ ಒಂದು ಬದಿ ಸವೆದಿದ್ದ,
ಗುರುತು ಹಾಕುವ ಸುಣ್ಣದ ಬಿಲ್ಲೆಯ ಹಾಗೆ.
ಸಹರಿಗೆ ಎಬ್ಬಿಸುವ ತಮಟೆಯ ಮುದುಕ
ಓಣಿ ದಾಟಿ ಇನ್ನೂ ಒಂದು ಬೀಡಿಯ ಹೊತ್ತಾಗಿಲ್ಲ,
ನೆತ್ತಿಯ ಮೇಲೆ ಗುಂಯ್.
ಮೂರೋ ನಾಲ್ಕೋ ಮಿಷನ್ನು ಸೇರಿ
ಒಂದೇ ಬಟ್ಟೆ ಹೊಲಿದ ಹಾಗೆ.
ಆಮೇಲೆ ತೆಂಕಣ ದಿಕ್ಕಿನಲ್ಲಿ ಧಡಲ್.

ಉಪವಾಸದ ತೋಪು, ಅಂದಳು ಪಕ್ಕದ ಮನೆಯಾಕೆ,
ಇಷ್ಟು ಬೇಗ ಯಾಕೆ ಹೊಡೆದರು? ಮಕ್ಕಳಿಗಿನ್ನೂ ಬಡಿಸಿಲ್ಲ.
ಬಾಯಿಗೆ ಹೋಗುತ್ತಿದ್ದ ಕೈಗಳು
ಓಣಿಯುದ್ದಕ್ಕೂ ಅಲ್ಲಲ್ಲೇ ನಿಂತವು.
ಬಾಂಬು ಬಿದ್ದ ರಾತ್ರಿ ನಮ್ಮೂರು ಮಾಡಿದ ಮೊದಲ ಕೆಲಸ
ತುತ್ತು ಕೆಳಗಿಟ್ಟದ್ದು.

ಸತ್ತದ್ದು ಮರಳು, ಅಂದ ಜುಮಾ ಬೆಳಿಗ್ಗೆ.
ಒಂದು ಕೊಳವೆ ಮುರಿದಿದೆ, ಕಲ್ಲಿದ್ದಲ ರಾಶಿ ಚದುರಿದೆ.
ಇಟಲಿಯವರಂತೆ. ಯಾವುದೋ ದ್ವೀಪದಿಂದ
ಎರಡೂವರೆ ಸಾವಿರ ಮೈಲಿಯಂತೆ.
ಗಜಕ್ಕೆ ತಿರುಗಿಸಿದೆ, ದರ್ಜಿಯ ಚಟ:
ನಲವತ್ತನಾಲ್ಕು ಲಕ್ಷ ಗಜ ದಾರ ಬಿಚ್ಚಿ
ಸೂಜಿಯ ಕಣ್ಣು ತಪ್ಪಿಸಿದ್ದಾರೆ.
ಗಂಗೊಳ್ಳಿಯಲ್ಲಿ ಮಂಜಿ ಹತ್ತಿ
ಇಪ್ಪತ್ತಾರು ದಿನ ಉಪ್ಪುಗಾಳಿ ಕುಡಿದು ಬಂದವನು ನಾನು,
ಅದನ್ನೇ ದೂರ ಅಂದುಕೊಂಡಿದ್ದೆ.
ದಾರಿಗೆ ಏನು ಕಟ್ಟಿಕೊಂಡಿದ್ದರೋ ಅವರು.
ಯಾವ ತಾಯಿ ಕೊರಳ ಗುಂಡಿ ಹಾಕಿ ಕಳಿಸಿದ್ದಳೋ.

ಮಧ್ಯಾಹ್ನದೊಳಗೆ ಡಂಗುರ: ದೀಪ ಕಾಣಕೂಡದು.
ಕಂಪೆನಿ ಬಂಗಲೆಯ ದೊರೆಸಾನಿ ತಾನೇ ಬಂದು
ಕರಿಬಟ್ಟೆಯ ಥಾನು ಥಾನೇ ಎತ್ತಿಸಿದಳು.
ಗಜಕ್ಕೆ ಒಂದಾಣೆ ಹೆಚ್ಚು ಹಿಡಿದೆ.
ಸುಳ್ಳೇಕೆ, ಎರಡಾಣೆ.
ಬಿಳಿ ತೋಬುಗಳನ್ನು ಮೂಲೆಗೆ ಸರಿಸಿ
ಐದು ದಿನ ಕತ್ತಲೆ ಕತ್ತರಿಸಿದೆ.

ಆರನೆಯ ದಿನ ಜುಮಾನ ತಾಯಿ ಲತೀಫಾ.
ವರ್ಷಕ್ಕೊಂದು ಅಬಾಯ, ಹಬ್ಬಕ್ಕೆ, ಅದೇ ಅಳತೆ.
ಬಟ್ಟೆ ಇಲ್ಲ ತಾಯೀ, ಕಿಟಕಿಗಳು ಉಟ್ಟುಕೊಂಡು ಹೋದವು.
ಬೀದಿಯ ಆ ತುದಿಯಿಂದ ಈ ತುದಿಗೆ ನೋಡಿದಳು.
ಕಿಟಕಿಗೂ ಮಾನ ಬಂತು ಅನ್ನು, ಅಂದು
ಹಣದ ಗಂಟು ಬಿಚ್ಚದೆ ಕೂತೇ ಇದ್ದಳು.

ಆ ರಾತ್ರಿ ಪರದೆಯ ಹಿಂದೆ, ಬತ್ತಿ ಇಳಿಸಿ,
ಮೇಜಿನ ಕೆಳಗಿನ ಚೂರು ಗುಡಿಸಿ ಜೋಡಿಸಿದೆ.
ಬಂಗಲೆ ಕಿಟಕಿಯ ಅಂಚು ಭುಜಕ್ಕೆ,
ಆಸ್ಪತ್ರೆ ಬಾಗಿಲಿನದು ತೋಳಿಗೆ,
ಪೊಲೀಸ್ ಠಾಣೆಯದು ಬೆನ್ನಿಗೆ, ಅದು ಸ್ವಲ್ಪ ಒರಟು.
ದುಡ್ಡು ತಗೊಳ್ಳಲಿಲ್ಲ. ಎರಡಾಣೆ ಚುಚ್ಚುತ್ತಿತ್ತು.

ಹಬ್ಬದ ಬೆಳಿಗ್ಗೆ ನಮ್ಮಂಗಡಿ ಮುಂದೆಯೇ ಹಾದು ಹೋದಳು.
ಬಿಸಿಲಿಗೆ, ಹಿಂದಿನಿಂದ,
ಒಂಬತ್ತು ಬಗೆಯ ಕಪ್ಪು. ಹೊಲಿದವನು ಎಣಿಸಬಲ್ಲ.
ಬೇರೆ ಯಾರಿಗೂ ಕಾಣದು,
ಮೇಲಿನಿಂದಂತೂ.